ಗಾಳಿ ಬರುವ ಮುಂಚಿನ ಐದು ತಾಸು: ಗದಗ ಸೀಮೆಯ ಒಂದು ಮನೆಯ ಪ್ರಕರಣ ಅಧ್ಯಯನ

ಗದಗ ತಾಲೂಕಿನ ಎರಿಭೂಮಿಯ (ಕಪ್ಪುಮಣ್ಣಿನ) ಒಂದು ಹಳ್ಳಿ. ಮೇ ಮೊದಲ ವಾರ, ಭರಣಿ ಮಳೆಯ ಕಾಲ. ಬಿಸಿಲು 39–40 ಡಿಗ್ರಿ, ಅದರ ಜೊತೆಗೆ ನೆರಳಲ್ಲಿ ಕೂತರೂ ಆರದ ಬೆವರು. ಮಧ್ಯಾಹ್ನ ಒಂದೂವರೆ ಹೊತ್ತಿಗೆ ಜಿಲ್ಲೆಗೆ ಕಿತ್ತಳೆ ಎಚ್ಚರಿಕೆ ಬಂತು: ಸಂಜೆಯಿಂದ ರಾತ್ರಿ ತನಕ ಗುಡುಗು-ಸಿಡಿಲು, ಅಲ್ಲಲ್ಲಿ ಆಲಿಕಲ್ಲು, ಗಂಟೆಗೆ 50–60 ಕಿ.ಮೀ. ವೇಗದ ಗಾಳಿ. ಹೊತ್ತು ಮುಳುಗಲು ಐದು ತಾಸು ಉಳಿದಿತ್ತು. ಊರಿನ ಹೆಸರು, ಮನೆತನದ ಹೆಸರು ಬೇಡ. ಗದಗ, ರೋಣ, ನವಲಗುಂದದ ಕಡೆ ಇಂಥ ಮನೆ ಯಾವ ಓಣಿಯಲ್ಲೂ ಸಿಗುತ್ತದೆ.

ಆ ಐದು ತಾಸಿನಲ್ಲಿ ಏನು ಮಾಡಿದರು, ಯಾವುದನ್ನು ಬಿಟ್ಟರು, ಬಿಟ್ಟದ್ದಕ್ಕೆ ರಾತ್ರಿ ಏನು ದಂಡ ತೆತ್ತರು ಎಂಬುದು ಈ ಬರಹದ ವಿಷಯ. ಮೊದಲೇ ಒಂದು ಮಾತು. ಇಂಥ ಸಂಜೆ ಹೆಚ್ಚಿನವರು ಬೆಲೆ ನೋಡಿ ಕೆಲಸ ಹಿಡಿಯುತ್ತಾರೆ. ದುಬಾರಿ ವಸ್ತು ಮೊದಲು, ಅಗ್ಗದ್ದು ಆಮೇಲೆ. ಕೇಳಬೇಕಾದ ಪ್ರಶ್ನೆ ಬೇರೆ: ಗಾಳಿ ಎದ್ದ ಮೇಲೆ ಈ ಮನೆಯವರು ಯಾವುದಕ್ಕಾಗಿ ಹೊರಗೆ ಓಡುತ್ತಾರೆ? ಓಡಿಸುವ ಕಾರಣಗಳನ್ನು ಬೆಳಕಿರುವಾಗಲೇ ಒಂದೊಂದಾಗಿ ತೆಗೆದುಹಾಕುವುದೇ ತಯಾರಿ.

ಮನೆ ಮತ್ತು ಮಂದಿ

ಎಪ್ಪತ್ತು ದಾಟಿದ ಅಜ್ಜಿ, ಇಬ್ಬರು ಗಂಡುಮಕ್ಕಳು, ಹಿರಿಯ ಸೊಸೆ, ಶಾಲೆಗೆ ಹೋಗುವ ಇಬ್ಬರು ಹುಡುಗರು. ಎರಡು ಎತ್ತು, ಒಂದು ಎಮ್ಮೆ, ಒಂದು ಕರು. ಮುಂದಿನ ಭಾಗ ಹಳೆಯ ಮಣ್ಣಿನ ಮಾಳಿಗೆ ಮನೆ, ಗೋಡೆ ಒಂದೂವರೆ ಅಡಿ ದಪ್ಪ. ಅದಕ್ಕೆ ಹೊಂದಿ ವಸತಿ ಯೋಜನೆಯಲ್ಲಿ ಕಟ್ಟಿದ 10 ಅಡಿ ಅಗಲ, 12 ಅಡಿ ಉದ್ದದ ಆರ್‌ಸಿಸಿ ಕೋಣೆ. ಹಿಂದೆ ತಗಡು ಹೊದಿಸಿದ ಹೊಸ ಅಡುಗೆಮನೆ. ಹಿತ್ತಲಲ್ಲಿ 20 ಅಡಿ ಉದ್ದ, 12 ಅಡಿ ಅಗಲದ ದನದ ಶೆಡ್ಡು, ಅದರ ಮೇಲೂ ತಗಡು. ಪಕ್ಕದಲ್ಲಿ ಕಣಕಿ (ಒಣ ಜೋಳದ ದಂಟು) ಬಣವಿ, ದೊಡ್ಡ ಬೇವಿನ ಮರ, ಅಂಗಳದಲ್ಲಿ ಒಣಗಲು ಹಾಕಿದ ಬೇಸಿಗೆ ಶೇಂಗಾ, ಸುಮಾರು ಐದು ಕ್ವಿಂಟಲ್.

ಬರುವ ಗಾಳಿ ಎಂಥದ್ದು

ಊರ ಮಂದಿ ಇದಕ್ಕೆ ಸುಂಟರಗಾಳಿ ಎನ್ನುತ್ತಾರೆ. ಮೋಡದ ಬುಡದಿಂದ ನೆಲಕ್ಕೆ ಇಳಿದು ಸುತ್ತುವ ನಿಜವಾದ ಸುಂಟರಗಾಳಿ ನಮ್ಮ ದೇಶದಲ್ಲಿ ಆಗುವುದೇ ಇಲ್ಲ ಎಂದಲ್ಲ. 1978ರ ಮಾರ್ಚ್ 17ರಂದು ದೆಹಲಿಯಲ್ಲಿ, 2024ರ ಮಾರ್ಚ್ 31ರಂದು ಪಶ್ಚಿಮ ಬಂಗಾಳದ ಜಲಪಾಯಿಗುಡಿ ಜಿಲ್ಲೆಯಲ್ಲಿ ಆಗಿದ್ದು ಅದೇ. ಆದರೆ ಧಾರವಾಡ, ಗದಗ, ಹಾವೇರಿಯಲ್ಲಿ ಏಪ್ರಿಲ್-ಮೇ ತಿಂಗಳ ತಗಡು ಹಾರಿಸುವ ಗಾಳಿ ಸಾಮಾನ್ಯವಾಗಿ ಬೇರೆ ಜಾತಿಯದ್ದು. ಬೇಸಿಗೆಯಲ್ಲಿ ವಿದರ್ಭ-ಮರಾಠವಾಡದಿಂದ ಕರ್ನಾಟಕದ ಒಳನಾಡಿನ ಮೇಲೆ ಹಾದು ತಮಿಳುನಾಡಿನ ಕಡೆಗೆ, ಎರಡು ದಿಕ್ಕಿನ ಗಾಳಿಗಳು ಸೇರುವ ಒಂದು ಗೆರೆ ಪದೇಪದೇ ಮೂಡುತ್ತದೆ. ಸಮುದ್ರದ ತೇವ ಅಲ್ಲಿ ಬಿಸಿನೆಲದ ಮೇಲೆ ಎದ್ದು ಹತ್ತು-ಹದಿನೈದು ಕಿ.ಮೀ. ಎತ್ತರದ ಮೋಡವಾಗುತ್ತದೆ. ಅದರಿಂದ ಸುರಿಯುವ ಮಳೆ ಕೆಳಗಿನ ಒಣ ಗಾಳಿಯಲ್ಲಿ ಅರ್ಧ ಆವಿಯಾಗಿ, ಆ ಗಾಳಿಯನ್ನು ತಣ್ಣಗೆ, ಭಾರ ಮಾಡುತ್ತದೆ. ಭಾರವಾದ ಗಾಳಿ ನೇರ ಕೆಳಗೆ ಬಿದ್ದು, ನೆಲಕ್ಕೆ ಬಡಿದು ಸುತ್ತಲೂ ಹರಡುತ್ತದೆ. ಮಳೆಗಿಂತ ಮುಂಚೆ ಧೂಳು ಮತ್ತು ತಂಪು ಬರುವುದು ಇದಕ್ಕೇ.

ತಯಾರಿಗೆ ಇದರಿಂದ ಎರಡು ಸಂಗತಿ ತಿಳಿಯುತ್ತದೆ. ಗಾಳಿಯ ದಿಕ್ಕು ಮೋಡ ಎಲ್ಲಿ ಒಡೆಯುತ್ತದೆ ಎಂಬುದರ ಮೇಲಿದೆ. ‘ನಮ್ಮ ಊರಿಗೆ ಯಾವಾಗಲೂ ಪಡುವಣ ಗಾಳಿ’ ಎಂದು ಒಂದೇ ಮಗ್ಗುಲು ಬಿಗಿದರೆ ಸಾಲದು. ಎರಡನೆಯದಾಗಿ, ಮೊದಲ ಬೀಸಿಗೂ ಪೂರ್ತಿ ಜೋರಿಗೂ ನಡುವೆ ಸಿಗುವುದು ಕೆಲವೇ ನಿಮಿಷ. ‘ಗಾಳಿ ಎದ್ದ ಮೇಲೆ ಕಟ್ಟೋಣ’ ಎಂಬುದಕ್ಕೆ ಅಲ್ಲಿ ಜಾಗವಿಲ್ಲ.

ಮೊಬೈಲಿನಲ್ಲಿ ಗೋವಾ ರೇಡಾರ್ ಚಿತ್ರ ನೋಡುವವರಿಗೆ ಒಂದು ಎಚ್ಚರ. ಪಣಜಿಯಿಂದ ಗದಗ ಸುಮಾರು 190 ಕಿ.ಮೀ. ಅಷ್ಟು ದೂರಕ್ಕೆ ರೇಡಾರಿನ ಅತಿ ಕೆಳಗಿನ ಕಿರಣವೂ ನೆಲದಿಂದ ಹತ್ತಿರ ಹತ್ತಿರ 4 ಕಿ.ಮೀ. ಮೇಲೆ ಹಾಯುತ್ತದೆ. ಮೋಡ ಯಾವ ಕಡೆ ಸಾಗುತ್ತಿದೆ ಎಂದು ಕಾಣುತ್ತದೆ, ನೆಲದ ಮೇಲಿನ ಗಾಳಿ ಕಾಣುವುದಿಲ್ಲ. ಮೂರು ತಾಸಿಗೊಮ್ಮೆ ಬರುವ ಹವಾಮಾನ ಇಲಾಖೆಯ ತತ್‌ಕ್ಷಣದ ಮುನ್ಸೂಚನೆ, ಸಿಡಿಲಿಗೆ ‘ದಾಮಿನಿ’ ಆ್ಯಪ್, ರಾಜ್ಯ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣಮಿತ್ರ’ ಸಹಾಯವಾಣಿ, ಈ ಮೂರು ಸಾಕು. ಗಾಳಿಗೆ ಕರೆಂಟು ಹೋಗಿ, ಟವರಿನ ಬ್ಯಾಟರಿಯೂ ಇಳಿದರೆ ಮೊಬೈಲ್ ಸುಮ್ಮನಾಗುತ್ತದೆ. ಆದ್ದರಿಂದ ಅಂದು ಸಂಜೆ ಆರರ ನಂತರ ಮನೆಯವರು ಮುಖ್ಯವಾಗಿ ನಂಬಿದ್ದು ಕಣ್ಣು-ಕಿವಿಯನ್ನೇ: ಮಿಂಚು ಕಂಡು ಗುಡುಗು ಕೇಳುವ ತನಕ ಸೆಕೆಂಡು ಎಣಿಸಿ ಮೂರರಿಂದ ಭಾಗಿಸಿದರೆ ಎಷ್ಟು ಕಿ.ಮೀ. ದೂರ ಎಂದು ಸಿಗುತ್ತದೆ.

ತಗಡಿನ ಮೇಲಿನ ಕಲ್ಲು

ಶೆಡ್ಡಿನ ತಗಡಿನ ಮೇಲೆ ಹತ್ತು ಕಲ್ಲು ಇದ್ದವು, ಒಂದೊಂದು ಎಂಟು-ಹತ್ತು ಕೆ.ಜಿ. ಊರಲ್ಲಿ ಪ್ರತಿ ಶೆಡ್ಡಿನ ಮೇಲೂ ಇರುತ್ತವೆ. ಇವುಗಳ ಲೆಕ್ಕ ಒಮ್ಮೆ ಮಾಡಿ ನೋಡಬೇಕು.

ಗಾಳಿಯ ಒತ್ತಡ ವೇಗದ ವರ್ಗದಂತೆ ಏರುತ್ತದೆ. ವೇಗವನ್ನು ಸೆಕೆಂಡಿಗೆ ಮೀಟರಿನಲ್ಲಿ ಹಿಡಿದು, ವರ್ಗ ಮಾಡಿ, 0.6ರಿಂದ ಗುಣಿಸಿದರೆ ಚದರ ಮೀಟರಿಗೆ ಎಷ್ಟು ನ್ಯೂಟನ್ ಎಂದು ಬರುತ್ತದೆ. ಗಂಟೆಗೆ 60 ಕಿ.ಮೀ. ಗಾಳಿಗೆ ಸುಮಾರು 167, 80 ಕಿ.ಮೀ.ಗೆ ಸುಮಾರು 300. ಒಂದು ಮಗ್ಗುಲು ಪೂರ್ತಿ ತೆರೆದ ಶೆಡ್ಡಿನಲ್ಲಿ ಒಳನುಗ್ಗಿದ ಗಾಳಿ ಕೆಳಗಿನಿಂದ ನೂಕುತ್ತದೆ, ಮೇಲೆ ಹಾಯುವ ಗಾಳಿ ಎಳೆಯುತ್ತದೆ. ಎರಡೂ ಸೇರಿ ಆ ಒತ್ತಡದ ಸುಮಾರು 1.3 ಪಟ್ಟು ಎಂದು ಹಿಡಿಯಿರಿ. 240 ಚದರ ಅಡಿ ಎಂದರೆ 22 ಚದರ ಮೀಟರ್ ಚಿಲ್ಲರೆ. 60 ಕಿ.ಮೀ. ಗಾಳಿಗೆ ಛಾವಣಿ ಮೇಲೇಳಲು ಬೀಳುವ ಬಲ ಐದು ಕ್ವಿಂಟಲ್ ಹತ್ತಿರ. 80ಕ್ಕೆ ಎಂಟೂವರೆ ಕ್ವಿಂಟಲ್ ದಾಟುತ್ತದೆ. ಅರ್ಧ ಮಿ.ಮೀ. ದಪ್ಪದ ತಗಡಿನ ಒಟ್ಟು ತೂಕವೇ ಸುಮಾರು ನೂರು ಕೆ.ಜಿ., ಕಲ್ಲುಗಳದ್ದು ಇನ್ನೊಂದು ನೂರು.

ಅಂದರೆ ಕಲ್ಲು ತಡೆಯುವುದು ಸಣ್ಣ ಗಾಳಿಯ ಪಟಪಟ ಸದ್ದನ್ನು ಮಾತ್ರ. ದೊಡ್ಡ ಗಾಳಿಗೆ ತಗಡು ಹೋಗಿಯೇ ಹೋಗುತ್ತದೆ, ಮೇಲಿನ ಕಲ್ಲು ಕೆಳಗೆ ನಿಂತವರ ತಲೆಗೆ ಬರುತ್ತದೆ. ಆದರೂ ಊರವರು ಕಲ್ಲನ್ನು ನಂಬುವುದು ಕಣ್ಣಿಗೆ ಭಾರ ಕಾಣುವುದರಿಂದ. ಅಂದು ಮಾಡಿದ ಮೊದಲ ಕೆಲಸ ಹತ್ತೂ ಕಲ್ಲು ಕೆಳಗಿಳಿಸಿದ್ದು.

ಕಲ್ಲು ತೆಗೆದ ಮೇಲೆ ಮೊಳೆಗಳ ಸ್ಥಿತಿ ಕಂಡಿತು. ಎಂಟು ತಗಡು, ನಾಲ್ಕು ಸಾಲು ಬೇವಿನ ಜಂತಿ. ಮೊಳೆ ಹೊಡೆದದ್ದು ಮೇಲಿನ ಮತ್ತು ಕೆಳಗಿನ ಸಾಲಿಗೆ ಮಾತ್ರ, ಅದೂ ವಾಷರ್ ಇಲ್ಲದೆ. ಪ್ರತಿ ಬೇಸಿಗೆ ತಗಡು ಅಲುಗಾಡಿ ಮೊಳೆಯ ತೂತು ದುಂಡಗೆ ಉಳಿಯದೆ ಹುಣಸೆಬೀಜದ ಆಕಾರಕ್ಕೆ ಹಿಗ್ಗಿತ್ತು. ಮೊಳೆಯ ತಲೆ ಅದರೊಳಗಿಂದ ಸಲೀಸಾಗಿ ಪಾರಾಗುವಂತಿತ್ತು. ಕೆಲವು ಮೊಳೆ ಕೈಯಲ್ಲೇ ಕಿತ್ತು ಬಂದವು, ಏಕೆಂದರೆ ಒಣಗಿದ ಹಳೆಯ ಜಂತಿ ನಯವಾದ ಮೊಳೆಯನ್ನು ಹಿಡಿಯುವುದಿಲ್ಲ.

ಸರಿಯಾದ ಉಪಾಯ ಜಂತಿಯನ್ನು ಸುತ್ತಿ ಹಿಡಿಯುವ 8 ಮಿ.ಮೀ. ಜೆ-ಬೋಲ್ಟ್. ಮೇಲಿನ-ಕೆಳಗಿನ ಸಾಲಿನಲ್ಲಿ ತಗಡಿಗೆ ನಾಲ್ಕು, ನಡುವಿನ ಎರಡು ಸಾಲಿನಲ್ಲಿ ಮೂರು ಎಂದರೆ ಈ ಶೆಡ್ಡಿಗೆ 112 ಬೋಲ್ಟ್. ಒಂದು ಮಧ್ಯಾಹ್ನದಲ್ಲಿ ಇಬ್ಬರಿಂದ ಅದು ಮುಗಿಯದು. ಆದ್ದರಿಂದ ಅಂದಿನ ಮಟ್ಟಿಗೆ ತಂತಿ ಕಟ್ಟಿದರು.

ತಂತಿ ಕಟ್ಟಿದ ಬಗೆ

ಗದಗಿನ ಹಾರ್ಡ್‌ವೇರ್ ಅಂಗಡಿಯಿಂದ ತಂದದ್ದು 10 ಗೇಜ್ ಜಿ.ಐ. ತಂತಿ ಮೂರೂವರೆ ಕೆ.ಜಿ., ಅಂದರೆ 50 ಮೀಟರಿಗಿಂತ ಸ್ವಲ್ಪ ಹೆಚ್ಚು. ಸೆಂಟ್ರಿಂಗ್‌ನವರ ಬೈಂಡಿಂಗ್ ತಂತಿ ಮನೆಯಲ್ಲೇ ಇತ್ತು, ಅದನ್ನು ಮುಟ್ಟಲಿಲ್ಲ. 18 ಗೇಜಿನ ಒಂದು ಎಳೆ ನಲವತ್ತು ಕೆ.ಜಿ. ಆಸುಪಾಸಿನಲ್ಲಿ ಹರಿಯುತ್ತದೆ, 10 ಗೇಜಿನದ್ದು ಮುನ್ನೂರು ಕೆ.ಜಿ. ತಡೆಯುತ್ತದೆ.

ತಗಡಿನ ಮೇಲೆ ಜಂತಿಗಳ ನೇರಕ್ಕೆ ಅಡ್ಡಲಾಗಿ ಬಿದಿರು ಗಳ ಇಟ್ಟರು. ಬಿದಿರು ಇಲ್ಲದೆ ತಂತಿ ನೇರ ಹಾಯ್ದರೆ ತಗಡಿನ ಉಬ್ಬನ್ನು ಕೊಯ್ಯುತ್ತದೆ, ಎರಡು ತಂತಿಗಳ ನಡುವಿನ ತಗಡು ಎದ್ದು ಬಡಿಯುತ್ತದೆ. ಗಳಗಳ ಮೇಲೆ ಇಳಿಜಾರಿನ ಗುಂಟ ಐದು ಸಾಲು ತಂತಿ ಹಾಯಿಸಿದರು: ಎರಡು ತುದಿಯಲ್ಲಿ ಅಂಚಿನಿಂದ ಅರ್ಧ ಅಡಿ ಒಳಗೆ ಒಂದೊಂದು, ನಡುವೆ ಐದೈದು ಅಡಿಗೊಂದು. ತುದಿಯ ಸಾಲು ಬಿಟ್ಟರೆ ಉಳಿದ ನಾಲ್ಕಕ್ಕೂ ಅರ್ಥವಿಲ್ಲ, ಗಾಳಿ ತಗಡನ್ನು ಬಿಚ್ಚಲು ಶುರುಮಾಡುವುದು ಮೂಲೆಯಿಂದಲೇ.

ತಂತಿಯ ಕೆಳತುದಿ ಎಲ್ಲಿಗೆ ಕಟ್ಟಬೇಕು ಎಂಬಲ್ಲಿ ಬಹಳಷ್ಟು ಮಂದಿ ಎಡವುತ್ತಾರೆ. ತಗಡನ್ನು ಜಂತಿಗೆ ಬಿಗಿದು ಜಂತಿಯನ್ನು ತೊಲೆಗೆ ಕಟ್ಟದಿದ್ದರೆ ತಗಡು-ಜಂತಿ ಕೂಡಿಯೇ ಎದ್ದುಹೋಗುತ್ತವೆ. ತೊಲೆಯನ್ನು ಕಂಬಕ್ಕೆ ಕಟ್ಟದಿದ್ದರೆ ಇಡೀ ಛಾವಣಿ ಒಂದೇ ತುಂಡಾಗಿ ಪಕ್ಕದ ಮನೆಗೆ ಹೋಗುತ್ತದೆ. ತಗಡಿನಿಂದ ನೆಲದ ತನಕ ಬಲ ಇಳಿಯುವ ದಾರಿ ಎಲ್ಲೂ ಕಡಿಯಬಾರದು. ಇಲ್ಲಿ ಮಗ್ಗುಲಿಗೆ ಮೂರರಂತೆ ಆರು ಕಲ್ಲುಕಂಬ, ಎರಡಡಿ ಹೂತದ್ದು. ಮೂರು ತಂತಿಗಳನ್ನು ನೇರ ಕಂಬದ ಬುಡಕ್ಕೆ ಸುತ್ತಿದರು. ಕಂಬ ಸಿಗದ ಎರಡಕ್ಕೆ ಗೂಟ ಹೊಡೆಯಲು ಕಿರಿಯವನು ಹೊರಟಿದ್ದ. ಎರಿಮಣ್ಣಿನಲ್ಲಿ ಗೂಟದ ಮೇಲೆ ಭರವಸೆ ಇಡಬಾರದು. ಮೇ ತಿಂಗಳಲ್ಲಿ ನೆಲ ಬಿರುಕುಬಿಟ್ಟು ಗೂಟ ಬಿರುಕಿನಲ್ಲಿ ಸಡಿಲ ನಿಲ್ಲುತ್ತದೆ. ಮೊದಲ ಮಳೆ ಬಿದ್ದ ಹತ್ತು ನಿಮಿಷಕ್ಕೆ ಸುತ್ತಲ ಮಣ್ಣು ಮೆತ್ತಗಾಗಿ ಕಿತ್ತು ಬರುತ್ತದೆ. ಅದರ ಬದಲು ಎರಡಡಿ ಆಳ, ಒಂದೂವರೆ ಅಡಿ ಚೌಕದ ಗುಂಡಿ ತೋಡಿ, ಛಾವಣಿಯಿಂದ ಇಳಿಸಿದ ಕಲ್ಲುಗಳಲ್ಲೇ ಉದ್ದನೆಯದಕ್ಕೆ ತಂತಿ ಸುತ್ತಿ ಅಡ್ಡ ಮಲಗಿಸಿ, ಮಣ್ಣು ತುಂಬಿ ತುಳಿದರು. ಮೇಲಿನ ಮಣ್ಣಿನ ತೂಕವೇ ಒಂದೂವರೆ ಕ್ವಿಂಟಲ್ ದಾಟುತ್ತದೆ; 80 ಕಿ.ಮೀ. ಗಾಳಿಗೆ ಒಂದೊಂದು ತುದಿಗೆ ಬೀಳುವ ಎಳೆತ ತೊಂಬತ್ತು ಕೆ.ಜಿ.ಗಿಂತ ಕಡಿಮೆ.

ಬಿಗಿ ಮಾಡಲು ಎರಡು ಎಳೆಗಳ ನಡುವೆ ಸಲಾಕೆ ತೂರಿ ಮೂರು-ನಾಲ್ಕು ಸುತ್ತು ತಿರುವಿದರು. ಅದಕ್ಕಿಂತ ಹೆಚ್ಚು ತಿರುವಿದರೆ ತಂತಿಯ ಮೈ ಮುರಿದು ಅಲ್ಲೇ ಹರಿಯುತ್ತದೆ. ಮೇಲೆ ಹತ್ತಿದವನು ಜಂತಿಯ ನೇರಕ್ಕೆ ಹಲಗೆ ಹಾಕಿಕೊಂಡು ಓಡಾಡಿದ, ಮತ್ತು ಒಂದು ಷರತ್ತು ಮೊದಲೇ ಆಗಿತ್ತು: ಮೊದಲ ಗುಡುಗು ಕೇಳಿದ ಕ್ಷಣ, ಕೆಲಸ ಎಲ್ಲಿದ್ದರೂ ಬಿಟ್ಟು ಇಳಿಯುವುದು. ನಾಲ್ಕೂವರೆಗೆ ಶೆಡ್ಡು ಮುಗಿಯಿತು. ಅಡುಗೆಮನೆಯ ತಗಡು ‘ಹೊಸದು, ಬೋಲ್ಟ್ ಹಾಕ್ಯಾರ’ ಎಂದು ಹಾಗೇ ಬಿಟ್ಟರು.

ದನ, ಬಣವಿ, ಕರೆಂಟು

ಶೆಡ್ಡು ಬಿಗಿದರೂ ದನಗಳನ್ನು ಅಲ್ಲಿ ಬಿಡಲಿಲ್ಲ. ಮಾಳಿಗೆ ಮನೆಯ ಮುಂದಿನ ಅಂಕಣ ಒಂದು ಕಾಲಕ್ಕೆ ದನ ಕಟ್ಟುವ ಜಾಗವೇ. ಗೋದಲಿ ಇನ್ನೂ ಇದೆ, ಈಗ ಅಲ್ಲಿ ಬೈಕು ನಿಲ್ಲುತ್ತದೆ. ಬೈಕು ಶೆಡ್ಡಿಗೆ ಹೋಯಿತು, ಎತ್ತು-ಎಮ್ಮೆ ಒಳಗೆ ಬಂದವು. ಕರುವನ್ನು ಯಾವಾಗಲೂ ಬೇವಿನ ಮರಕ್ಕೇ ಕಟ್ಟುವ ರೂಢಿ. ಅದನ್ನು ಮೊದಲು ಬಿಚ್ಚಿದರು. ಮರಕ್ಕೆ ಬಡಿದ ಸಿಡಿಲು ನೆಲದಲ್ಲಿ ಹರಡುವಾಗ ಬುಡದಿಂದ ದೂರ ಹೋದಷ್ಟೂ ವೋಲ್ಟೇಜ್ ಇಳಿಯುತ್ತದೆ. ಮನುಷ್ಯನ ಎರಡು ಪಾದಗಳ ನಡುವೆ ಅರ್ಧ ಮೀಟರ್ ಅಂತರವಿದ್ದರೆ, ಎತ್ತಿನ ಮುಂಗಾಲು-ಹಿಂಗಾಲಿನ ನಡುವೆ ಒಂದೂವರೆ ಮೀಟರ್. ಅಷ್ಟೂ ವ್ಯತ್ಯಾಸದ ಕರೆಂಟು ಎದೆಯ ಮೂಲಕ ಹಾಯುತ್ತದೆ. ಒಂದೇ ಸಿಡಿಲಿಗೆ ಮರದಡಿಯ ಕುರಿಹಿಂಡು ಪೂರ್ತಿ ಉರುಳುವುದು ಹೀಗೆ. ತಂತಿಬೇಲಿಗೆ ಕಟ್ಟುವುದು ಇನ್ನೂ ಕೆಟ್ಟದ್ದು. ಒಳಗೆ ಕಟ್ಟುವಾಗ ಕಬ್ಬಿಣದ ಸರಪಳಿ ಬೇಡ. ಹಗ್ಗ, ಒಂದೇ ಎಳೆತಕ್ಕೆ ಬಿಚ್ಚುವ ಜಾರುಗಂಟು.

ಕಣಕಿ ಬಣವಿಯ ಮೇಲೆ ಹಳೆಯ ಮೀನಿನ ಬಲೆ ಹಾಕಿ ನಾಲ್ಕು ಕಡೆ ಇಳಿಬಿಟ್ಟು ಬುಡಕ್ಕೆ ಕಟ್ಟಿದರು. ಬಣವಿಗೆ ಗಾಳಿಗಿಂತ ದೊಡ್ಡ ಶತ್ರು ಒಲೆಯ ಕೆಂಡ. ಹಿತ್ತಲ ನೀರೊಲೆಯ ಬೂದಿಯಲ್ಲಿ ಉಳಿದ ಕೆಂಡ ಇಂಥ ಗಾಳಿಗೆ ಹತ್ತು ಮಾರು ಹಾರುತ್ತದೆ. ಸೊಸೆ ಏಳಕ್ಕೆ ಅಡುಗೆ ಮುಗಿಸಿ, ನೀರೊಲೆಗೆ ಎರಡು ಕೊಡ ನೀರು ಸುರಿದು, ಗ್ಯಾಸಿನ ರೆಗ್ಯುಲೇಟರ್ ಬಂದ್ ಮಾಡಿದಳು.

ಎಂಟಕ್ಕೆ ಮೇನ್ ಸ್ವಿಚ್ ಇಳಿಸಿದರು. ಸ್ವಿಚ್ ಇಳಿಸಿದ ಮಾತ್ರಕ್ಕೆ ಟಿವಿ ಉಳಿಯುವುದಿಲ್ಲ; ಸಿಡಿಲಿನ ಹೊಡೆತ ಡಿಶ್ ಕೇಬಲ್ಲಿನಿಂದಲೂ ಬರುತ್ತದೆ. ಟಿವಿಯ ಪ್ಲಗ್ಗು, ಡಿಶ್ ಕೇಬಲ್, ಇನ್ವರ್ಟರ್, ಬೋರಿನ ಸ್ಟಾರ್ಟರ್, ಎಲ್ಲವನ್ನೂ ಬೇರ್ಪಡಿಸಿದರು.

ಮಲಗುವ ಕೋಣೆ

ಸೆಕೆಗೆ ಮೇ ತಿಂಗಳಲ್ಲಿ ಮಂದಿ ಮಲಗುವುದು ಮಾಳಿಗೆಯ ಮೇಲೆ, ಇಲ್ಲವೇ ಹೊರಗಿನ ಕಟ್ಟೆಯ ಮೇಲೆ. ಅಂದು ಎಲ್ಲರ ಹಾಸಿಗೆ ಆರ್‌ಸಿಸಿ ಕೋಣೆಗೆ. ದಪ್ಪ ಗೋಡೆಯ ಮಾಳಿಗೆ ಗಾಳಿಗೆ ಜಗ್ಗುವುದಿಲ್ಲ, ಆದರೆ ಮಣ್ಣು ನೀರು ಕುಡಿದು ಭಾರವಾದಾಗ ಹಳೆಯ ಜಂತಿ ಮುರಿಯುತ್ತದೆ. ಒಂದು ರಾತ್ರಿಯ ಅಡ್ಡಮಳೆಗೆ ಅದರ ಭಯ ಕಡಿಮೆ, ಆಷಾಢದ ಜಿಟಿಜಿಟಿಗೆ ಹೆಚ್ಚು. ಹಾಗಾಗಿ ದನಕ್ಕೆ ಮಾಳಿಗೆ, ಮನುಷ್ಯರಿಗೆ ಸ್ಲ್ಯಾಬು. ಬೆಳಕಿಂಡಿಗಳ ಮೇಲೆ ಹಾಸುಗಲ್ಲು ಎಳೆದರು.

ಹಾಸಿಗೆ ಕಿಟಕಿಯಿಂದ ದೂರದ ಒಳಗೋಡೆಯ ಕಡೆಗೆ, ಗೋಡೆಗೆ ಒರಗದಂತೆ, ನಲ್ಲಿ ಪೈಪಿನಿಂದ ಆಚೆ. ಪ್ರತಿಯೊಬ್ಬರ ತಲೆದೆಸೆಗೆ ಚಪ್ಪಲಿ. ಒಡೆದ ಗಾಜು, ಮೊಳೆ ತುಳಿದು ಆಗುವ ಗಾಯ ಕಡಿಮೆಯಲ್ಲ. ಹುಡುಗರ ಪಕ್ಕ ಬೈಕಿನ ಎರಡು ಹೆಲ್ಮೆಟ್, ಎಲ್ಲರಿಗೂ ಒಂದೊಂದು ದಪ್ಪ ಕೌದಿ. ಎರಡು ಬ್ಯಾಟರಿ, ಪವರ್ ಬ್ಯಾಂಕ್, ಇಪ್ಪತ್ತು ಲೀಟರ್ ನೀರು, ಅಜ್ಜಿಯ ಬಿಪಿ ಗುಳಿಗೆ. ‘ಕಿಟಕಿ ತೆರೆದಿಟ್ಟರೆ ಒಳಗಿನ ಗಾಳಿ ಹೊರಗೆ ಹೋಗಿ ಛಾವಣಿ ಉಳಿಯುತ್ತದೆ’ ಎಂಬ ಮಾತನ್ನು ಯಾರೋ ಹೇಳಿದರು. ತಪ್ಪು. ಒಳಗೆ ಹೊಕ್ಕ ಗಾಳಿ ಛಾವಣಿಯನ್ನು ಕೆಳಗಿನಿಂದ ನೂಕುತ್ತದೆ. ಕಿಟಕಿ, ಬಾಗಿಲು ಎಲ್ಲ ಮುಚ್ಚಿ ಚಿಲಕ ಹಾಕಬೇಕು. ಗಾಳಿ ನಿಜವಾಗಿಯೇ ಸುತ್ತುವ ಜಾತಿಯದ್ದಾದರೂ ಕೋಣೆಯೊಳಗಿನ ನಡಾವಳಿ ಇದೇ: ಕಿಟಕಿ ಬಿಟ್ಟು ಒಳಗಿನ ಮೂಲೆ, ನೆಲಕ್ಕೆ ಬಾಗಿ, ತಲೆಗೆ ಹೆಲ್ಮೆಟ್ ಇಲ್ಲವೇ ಕೌದಿ.

ಶೇಂಗಾ ಉಳಿದದ್ದು ಕೊನೆಗೆ. ಆರು ದಾಟಿ, ಬೆಳಕು ಇಳಿಯುವಾಗ, ದಣಿದ ಕೈಯಲ್ಲಿ ರಾಶಿ ಒಟ್ಟುಮಾಡಿ 18 ಅಡಿ ಅಗಲ, 24 ಅಡಿ ಉದ್ದದ ತಾಡಪತ್ರಿ ಹೊದಿಸಿ, ಮೂಲೆಗೊಂದು ಇಟ್ಟಿಗೆ ಹಗ್ಗದಲ್ಲಿ ಇಳಿಬಿಟ್ಟರು.

ರಾತ್ರಿ ನಡೆದದ್ದು

ಎಂಟು ಹತ್ತಕ್ಕೆ ಕಪ್ಪತಗುಡ್ಡದ ಕಡೆ ಮಿಂಚು. ಗುಡುಗಿಗೆ 45 ಸೆಕೆಂಡು, ಅಂದರೆ 15 ಕಿ.ಮೀ. ಎಂಟು ಮೂವತ್ತೈದಕ್ಕೆ ಎಣಿಕೆ ಮೂವತ್ತಕ್ಕೆ ಇಳಿಯಿತು, ಹತ್ತು ಕಿ.ಮೀ. ಅಲ್ಲಿಗೆ ಎಲ್ಲರೂ ಒಳಗೆ. ಮೂವತ್ತರ ಒಳಗೆ ಬಂದ ಸಿಡಿಲು ಮುಂದಿನ ಸಲ ನಮ್ಮ ತಲೆಯ ಮೇಲೆ ಬೀಳಬಹುದು, ಮಳೆ ಶುರುವಾಗಿರಬೇಕೆಂದಿಲ್ಲ.

ಎಂಟು ಐವತ್ತಕ್ಕೆ ಸೆಕೆ ಒಮ್ಮೆಲೇ ಮುರಿದು ತಂಪು ಗಾಳಿ, ಧೂಳು, ಊರಿನ ಕರೆಂಟು ಬಂದ್. ಎರಡೇ ನಿಮಿಷಕ್ಕೆ ಅಂಗಳದಲ್ಲಿ ತಾಡಪತ್ರಿ ಎದ್ದಿತು. ಮೂಲೆಯ ಇಟ್ಟಿಗೆ ಹಗ್ಗದ ತುದಿಯಲ್ಲಿ ಬೀಸುತ್ತ ಗೋಡೆಗೆ ಬಡಿದ ಸದ್ದು ಕೋಣೆಯೊಳಗೆ ಕೇಳಿಸಿತು. ಕಿರಿಯವನು ಚಿಲಕಕ್ಕೆ ಕೈ ಹಾಕಿದ: “ಅಣ್ಣಾ, ತಾಡಪತ್ರಿ ಹೊಂಟ್ತು!” ಅಜ್ಜಿ ಕೂತಲ್ಲಿಂದಲೇ, “ಹೋದ್ರ ಹೋಗ್ಲಿ, ಬಾಗಲಾ ತಗೀಬ್ಯಾಡ. ಶೇಂಗಾ ಮುಂದಿನ ವರ್ಷಾನೂ ಬರ್ತಾವು” ಎಂದಳು. ಅವನು ನಿಂತ. ಐದು ನಿಮಿಷ ದಾಟುವಷ್ಟರಲ್ಲಿ ಅಡುಗೆಮನೆಯ ಮೂಲೆಯ ಎರಡು ತಗಡು ಕಿತ್ತು ಅದೇ ಅಂಗಳದ ಮೇಲೆ ಹಾಯ್ದು ಬೇವಿನ ಮರಕ್ಕೆ ಸಿಕ್ಕಿಕೊಂಡವು. ತಾಡಪತ್ರಿ ಹಿಡಿಯಲು ಹೋದವನು ಆಗ ನಿಲ್ಲುವ ಜಾಗ ಅದೇ.

ಆಲಿಕಲ್ಲು, ಮಳೆ, ಸಿಡಿಲು ಎಲ್ಲ ಸೇರಿ ಮುಕ್ಕಾಲು ತಾಸು. ಒಂಬತ್ತೂಮುಕ್ಕಾಲಿಗೆ ನಿಂತಿತು. ಓಣಿಯಲ್ಲಿ ಬ್ಯಾಟರಿ ಬೆಳಕು ಓಡಾಡಿದವು, ಮಂದಿ ತಗಡು ನೋಡಲು ಹೊರಗೆ ಬಂದರು. ಕೊನೆಯ ಗುಡುಗಿನಿಂದ ಅರ್ಧ ತಾಸು ಕಾಯಬೇಕು ಎಂಬುದನ್ನು ಇವರು ಪಾಲಿಸಿದರು. ಕಾದ ಮೇಲೂ ಮಾಡಿದ್ದು ದನ ನೋಡಿ ಬಂದದ್ದು ಮಾತ್ರ, ಏಣಿ ಮುಟ್ಟಲಿಲ್ಲ. ಒಂದು ಮೋಡದಿಂದ ಹರಡಿದ ತಂಪು ಗಾಳಿಯೇ ಸುತ್ತಲ ಬಿಸಿಗಾಳಿಯನ್ನು ಎತ್ತಿ ಇನ್ನೊಂದು ಮೋಡ ಕಟ್ಟುವುದು ಸಾಮಾನ್ಯ. ಹನ್ನೊಂದೂ ಇಪ್ಪತ್ತಕ್ಕೆ ಎರಡನೆಯದು ಬಂತು. ಗಾಳಿ ಮೊದಲಿನಷ್ಟಿಲ್ಲ, ಸಿಡಿಲು ಮೊದಲಿಗಿಂತ ಹೆಚ್ಚು.

ಆ ಹೊತ್ತಿಗೆ ಯಾರಿಗಾದರೂ ಸಿಡಿಲು ಬಡಿದಿದ್ದರೆ? ಮುಟ್ಟಲು ಹೆದರಬೇಕಿಲ್ಲ, ಬಡಿದವರ ಮೈಯಲ್ಲಿ ಕರೆಂಟು ಉಳಿದಿರುವುದಿಲ್ಲ. ಉಸಿರು, ನಾಡಿ ಇಲ್ಲದಿದ್ದರೆ ಎದೆಯ ನಡುವೆ ಎರಡೂ ಅಂಗೈ ಒತ್ತಿ, ನಿಮಿಷಕ್ಕೆ 100–120ರಂತೆ, 5–6 ಸೆಂ.ಮೀ. ಆಳ, 108 ಬರುವ ತನಕ ನಿಲ್ಲಿಸದೆ. ಸಿಡಿಲಿಗೆ ನಿಂತ ಹೃದಯ ಹೀಗೆ ಮತ್ತೆ ಹೊಡೆದುಕೊಳ್ಳುವ ಸಾಧ್ಯತೆ ಚೆನ್ನಾಗಿಯೇ ಇರುತ್ತದೆ.

ಮುಂಜಾನೆಯ ತಪಾಸಣೆ

ಶೆಡ್ಡಿನ ಎಂಟೂ ತಗಡು ಜಾಗದಲ್ಲೇ ಇದ್ದವು. ಹೂತ ಕಲ್ಲಿನ ಮೇಲಿನ ಮಣ್ಣು ಒಂದು ಬೆರಳು ಎದ್ದಿತ್ತು, ಅಷ್ಟೇ.

ಓಣಿಗೆ ಅಡ್ಡ ಒಂದು ತಂತಿ ಬಿದ್ದಿತ್ತು. ಊರಲ್ಲಿ ಕರೆಂಟು ಇಲ್ಲ ಎಂದು ಅದನ್ನು ಕೋಲಿನಿಂದ ಸರಿಸಲು ಬಂದವರನ್ನು ತಡೆದು 1912ಕ್ಕೆ ಫೋನ್ ಮಾಡಿದರು. ಹೆಸ್ಕಾಂನವರು (ವಿದ್ಯುತ್ ಕಂಪನಿಯವರು) ಟಿಸಿ (ಟ್ರಾನ್ಸ್‌ಫಾರ್ಮರ್) ಕಡೆಯಿಂದ ಲೈನ್ ಬಂದ್ ಮಾಡಿದ್ದು ಖಾತ್ರಿಯಾಗುವ ತನಕ ಹತ್ತು ಮೀಟರ್ ದೂರ ಇರಬೇಕು, ದನವನ್ನೂ ಹಾಯಲು ಬಿಡಬಾರದು. ಲೈನು ಯಾವ ಕ್ಷಣಕ್ಕೂ ಮತ್ತೆ ಚಾರ್ಜ್ ಆಗುತ್ತದೆ, ಯಾರದೋ ಮನೆಯ ಜನರೇಟರಿನಿಂದ ಹಿಮ್ಮುಖವಾಗಿಯೂ ಬರುತ್ತದೆ.

ಊರ ಮರಗಳೆಲ್ಲ ಒಂದೇ ದಿಕ್ಕಿಗೆ ಬಿದ್ದಿದ್ದವು. ಸುತ್ತುವ ಗಾಳಿಯಾಗಿದ್ದರೆ ಒಂದು ಕಿರಿದಾದ ಪಟ್ಟಿಯೊಳಗೆ ಒಂದರ ಮೇಲೊಂದು ಅಡ್ಡಾದಿಡ್ಡಿ ಬಿದ್ದಿರುತ್ತಿದ್ದವು. ಅಲ್ಲಿಗೆ ಸುಂಟರಗಾಳಿಯ ಮಾತು ಮುಗಿಯಿತು.

ಅಡುಗೆಮನೆಯ ತಗಡು ಹೋದದ್ದು ಯಾಕೆ? ಬೋಲ್ಟ್ ಇದ್ದವು, ಆದರೆ ಪಾತ್ರೆ ತೊಳೆಯುವ ಜಾಗಕ್ಕೆ ನೆರಳಾಗಲಿ ಎಂದು ಗೋಡೆಯಿಂದ ಎರಡಡಿ ಹೊರಚಾಚಿದ್ದರು. ಗೋಡೆಗೆ ಬಡಿದ ಗಾಳಿ ಮೇಲೆ ತಿರುಗಿ ಆ ಚಾಚನ್ನು ಕೆಳಗಿನಿಂದ ಎತ್ತುತ್ತದೆ, ಅಂಚಿನ ಮೇಲೆ ಎಳೆತವೂ ಅಲ್ಲೇ ಹೆಚ್ಚು. ಕೊನೆಯ ಸಾಲಿಗೆ ತಗಡಿಗೆ ಎರಡೇ ಬೋಲ್ಟ್. ವಾಷರ್ ಇದ್ದುದರಿಂದ ಬೋಲ್ಟ್ ಉಳಿದು, ಅದರ ಸುತ್ತ ತಗಡೇ ಹರಿದಿತ್ತು.

ತಾಡಪತ್ರಿಯದ್ದು ಸರಳ. ಮೂಲೆಯ ನಾಲ್ಕು ಕಟ್ಟು ಬಿಟ್ಟರೆ ಅಂಚಿನ ಉಳಿದ ಕಣ್ಣುಗಳು ಖಾಲಿ, ಅಂಚು ನೆಲದಿಂದ ಎದ್ದಿತ್ತು, ಗಾಳಿ ಒಳಹೊಕ್ಕಿತು. ಇಳಿಬಿಟ್ಟ ಇಟ್ಟಿಗೆ ಭಾರವಲ್ಲ, ಹಾರಾಡುವ ಆಯುಧ. ಅಂಚನ್ನು ಒಂದಡಿ ಮಡಚಿ ಮಣ್ಣಿನಲ್ಲಿ ಹೂಳಬೇಕಿತ್ತು, ಮೇಲಿಂದ ಅಡ್ಡ-ಉದ್ದ ಹಗ್ಗ ಹಾಯಿಸಬೇಕಿತ್ತು. ಅದಕ್ಕಿಂತ ಒಳ್ಳೆಯದು, ಮಧ್ಯಾಹ್ನ ಎರಡಕ್ಕೇ ರಾಶಿಯನ್ನು ಚೀಲಕ್ಕೆ ತುಂಬಿ ಒಳಗೆ ಒಯ್ಯುವುದು: 35 ಕೆ.ಜಿ.ಯ ಹದಿನಾಲ್ಕು ಚೀಲ, ಇಬ್ಬರಿಗೆ ಒಂದೂವರೆ ತಾಸಿನ ಕೆಲಸ. ಮನೆಯಲ್ಲಿ ಯಾರನ್ನಾದರೂ ಕತ್ತಲಲ್ಲಿ ಹೊರಗೆ ಎಳೆಯುವಂಥದ್ದು ಏನಾದರೂ ಇದ್ದರೆ ಅದು ಈ ರಾಶಿಯೇ; ಶೆಡ್ಡಿನ ತಗಡು ಹಿಡಿಯಲು ಯಾರೂ ಹೋಗುವುದಿಲ್ಲ. ಸರದಿಯಲ್ಲಿ ಅದು ಮೊದಲು ಇರಬೇಕಿತ್ತು.

ನೆನೆದ ಶೇಂಗಾವನ್ನು ರಾಶಿಯಾಗಿ ಬಿಟ್ಟರೆ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ವಿಷ ಸೇರುತ್ತದೆ, ಆಮೇಲೆ ಎಷ್ಟು ಒಣಗಿಸಿದರೂ ಹೋಗದು. ಎರಡು-ಮೂರು ಇಂಚು ತೆಳ್ಳಗೆ ಹರವಿ, ತಾಸಿಗೊಮ್ಮೆ ಕೈಯಾಡಿಸಿ, ತೇವಾಂಶ ಶೇ. 8–9ಕ್ಕೆ ಇಳಿಯುವ ತನಕ ಒಣಗಿಸಬೇಕು. ಕಾಯಿ ಅಲುಗಿಸಿದರೆ ಬೀಜ ಗಲಗಲ ಎನ್ನಬೇಕು. ಬಣ್ಣಗೆಟ್ಟ ಕಾಯಿಯನ್ನು ದನಕ್ಕೂ ಹಾಕಬಾರದು. ಬೆಳೆವಿಮೆಯ ವಿಚಾರ ಕೇಳಿದವರಿಗೆ: ಫಸಲ್ ಬಿಮಾ ಯೋಜನೆಯಲ್ಲಿ ಕೊಯ್ಲಿನ ನಂತರದ ನಷ್ಟ ಸಿಗುವುದು ಹೊಲದಲ್ಲೇ ಒಣಗಲು ಬಿಟ್ಟ ಫಸಲಿಗೆ, ಕೊಯ್ದ 14 ದಿನದೊಳಗೆ, ಅದೂ 72 ತಾಸಿನಲ್ಲಿ 14447ಕ್ಕೆ ತಿಳಿಸಿದರೆ. ಮನೆಯಂಗಳದ ರಾಶಿಗೆ ಇಲ್ಲ. ಮನೆಯ ಹಾನಿಗೆ ತಗಡು ಎತ್ತುವ ಮುಂಚೆ ನಾಲ್ಕೂ ಕಡೆಯಿಂದ ಫೋಟೋ ತೆಗೆದು ತಲಾಠಿಗೆ (ಗ್ರಾಮ ಆಡಳಿತಾಧಿಕಾರಿಗೆ) ಅರ್ಜಿ ಕೊಟ್ಟರು. ದನ ಸತ್ತಿದ್ದರೆ ಪಶುವೈದ್ಯರ ಮರಣೋತ್ತರ ಪರೀಕ್ಷೆಯಾಗದೆ ಹೂಳಬಾರದು.

ನಂತರದ ಬದಲಾವಣೆ

ಮಿರಗಕ್ಕೆ (ಮೃಗಶಿರ ಮಳೆಗೆ) ಮುಂಚೆ ಶೆಡ್ಡಿಗೆ 112 ಜೆ-ಬೋಲ್ಟ್ ಬಿದ್ದವು, ತಂತಿಯನ್ನೂ ಬಿಚ್ಚಲಿಲ್ಲ. ತೂತು ತಗಡಿನ ಉಬ್ಬಿನ ಮೇಲೆ ಕೊರೆಯಬೇಕು, ತಗ್ಗಿನಲ್ಲಿ ಕೊರೆದರೆ ಮಳೆನೀರು ಅಲ್ಲೇ ಹರಿದು ಸೋರುತ್ತದೆ. ಮೊದಲು ಕಬ್ಬಿಣದ ವಾಷರ್, ಅದರಡಿ ರಬ್ಬರ್ ವಾಷರ್. ನಟ್ಟು ಬಿಗಿಯುವಾಗ ರಬ್ಬರ್ ಸ್ವಲ್ಪ ಉಬ್ಬಿದರೆ ಸಾಕು. ಉಬ್ಬು ಚಪ್ಪಟೆಯಾಗುವಷ್ಟು ಬಿಗಿದರೆ ಮುಂದಿನ ಗಾಳಿಗೆ ತಗಡು ಹರಿಯುವುದು ಅಲ್ಲಿಂದಲೇ. ಹಳೆಯ ಹಿಗ್ಗಿದ ತೂತುಗಳಿಗೆ ಅದೇ ಬೋಲ್ಟ್ ಹಾಕದೆ ಪಕ್ಕದ ಉಬ್ಬಿನಲ್ಲಿ ಹೊಸದಾಗಿ ಕೊರೆದು, ಹಳೆಯದನ್ನು ಡಾಂಬರು ಬಟ್ಟೆಯಿಂದ ಮುಚ್ಚಿದರು. ಅಡುಗೆಮನೆಯ ಚಾಚನ್ನು ಒಂದಡಿಗೆ ಕತ್ತರಿಸಿ, ಕೊನೆಯ ಸಾಲಿಗೆ ತಗಡಿಗೆ ನಾಲ್ಕು ಬೋಲ್ಟ್ ಹಾಕಿ, ಜಂತಿಯ ತುದಿಯನ್ನು ಗೋಡೆಯೊಳಗೆ ಎರಡಡಿ ಕೆಳಗೆ ಹೂತ ಸಲಾಕೆಗೆ ತಂತಿಯಿಂದ ಕಟ್ಟಿದರು. ಪಾತ್ರೆ ತೊಳೆಯುವ ಜಾಗಕ್ಕೆ ನೆರಳಿಲ್ಲ ಎಂದು ಸೊಸೆಯ ತಕರಾರು ಇದೆ. ಅಲ್ಲಿಗೆ ಬೇಸಿಗೆಯಲ್ಲಿ ಬೇಕಾದಾಗ ಕಟ್ಟಿ, ಮೋಡ ಕಂಡಾಗ ಬಿಚ್ಚುವ ಗೋಣಿತಟ್ಟಿನ ಚಪ್ಪರ ಸಾಕು.